ಜೀವನವೂ ವಿಷವೂ

ನಮ್ಮ ಪ್ರಾಚೀನ ನಿಘಂಟುಕಾರರು ನೀರಿಗೆ ಕೊಟ್ಟಿರುವ ಹೆಸರುಗಳಲ್ಲಿ ‘ಜೀವನ’ ಎಂಬುದೂ ಒಂದು. ಅದೇ ಅಮರಕೋಶವು ‘ವಿಷ’ ಎಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ಹೇಳುತ್ತದೆ. ಇದೆಂತಹ ವಿಪರ್ಯಾಸವೆಂದು ನಾನೂ ಬಹುಕಾಲ ಸೋಜಿಗಪಟ್ಟವನೇ. ಕೊಳಾಯಿ ನೀರಿನ ಚರಿತ್ರೆಯನ್ನು ಓದಿದ ಮೇಲೆ ಆ ಸೋಜಿಗ ಉಳಿಯಲಿಲ್ಲ.

ಲಂಡನ್ನಿನ ವೈದ್ಯ ಜಾನ್ ಸ್ನೋ 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ಸಮಯದಲ್ಲಿ ಕ್ಲೋರೋಫಾರಂ ಕೊಟ್ಟು ನೋವನ್ನು ಶಮನಗೊಳಿಸಿದನು. ಮರುವರ್ಷವೇ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾದಿಂದ ಸತ್ತವರ ಲೆಕ್ಕ ತೆಗೆದು, ಅಲ್ಲಿನ ಒಂದು ಪಂಪಿನ ನೀರೇ ಆ ಮಾರಿಗೆ ಮೂಲವೆಂದು ತೋರಿಸಿಕೊಟ್ಟನು. ಕ್ಲೋರೋಫಾರಮ್ಮು, ಕುಡಿಯುವ ನೀರು, ಎರಡನ್ನೂ ಬಲ್ಲವನು ಆತ. ಆದರೂ ಇವೆರಡೂ ಒಂದೇ ಲೋಟದಲ್ಲಿ ಕೂಡಿಯಾವೆಂದು ಆತ ಕನಸಿನಲ್ಲಿಯೂ ಎಣಿಸಿರಲಾರನು. ಅದು ಲೋಕಕ್ಕೆ ತಿಳಿಯಲು ಇನ್ನೂ 120 ವರ್ಷ ಬೇಕಾಯಿತು.

ನಡುವೆ ಬಂದದ್ದು ಕ್ಲೋರಿನ್. ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತ ಜ್ವರ ಹಬ್ಬಿದಾಗ, 1905ರಲ್ಲಿ, ಅಲ್ಲಿನ ನೀರಿಗೆ ಅದನ್ನು ಬೆರೆಸಿದರು. ಅಮೆರಿಕದ ಜರ್ಸಿ ಸಿಟಿಯಲ್ಲಿ ಅದು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ನೀರು ಒದಗಿಸುವ ಕಂಪನಿಯ ಸಲಹೆಗಾರನಾಗಿದ್ದ ವೈದ್ಯ ಜಾನ್ ಲೀಲ್ 1908ರ ಸೆಪ್ಟೆಂಬರಿನಲ್ಲಿ ಬೂಂಟನ್ ಜಲಾಶಯದ ನೀರಿಗೆ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಸೇರಿಸಲು ಏರ್ಪಾಡು ಮಾಡಿದನು. ಊರಿನ ನೀರಿಗೆ ಮದ್ದು ಹಾಕುವುದೆಂದರೇನು? ಈ ನೀರನ್ನು ನಿಮ್ಮ ಹೆಂಡತಿ ಮಕ್ಕಳಿಗೆ ಕೊಡುವಿರಾ ಎಂದು ವಕೀಲರು ಕೇಳಿದರು. ಅದು ಅತ್ಯಂತ ಸುರಕ್ಷಿತವಾದ ನೀರೆಂದೇ ತನ್ನ ನಂಬಿಕೆಯೆಂದು ಲೀಲ್ ಉತ್ತರಿಸಿದನು. 1910ರಲ್ಲಿ ಆತನ ವಿಧಾನಕ್ಕೆ ನ್ಯಾಯಾಲಯದ ಮನ್ನಣೆ ದೊರೆಯಿತು. ಶೋಧನೆಯೂ ಕ್ಲೋರಿನ್ನೂ ಜೊತೆಗೂಡಿ ಕೆಲಸ ಮಾಡಿದ ನಗರಗಳಲ್ಲಿ ವಿಷಮಶೀತ ಜ್ವರ ಕ್ರಮೇಣ ಅಪರೂಪವಾಯಿತು.

1974ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ಜಲಕಾರ್ಯಾಲಯದ ರಸಾಯನಜ್ಞ ಯೊಹಾನೆಸ್ ರೂಕ್, ಕ್ಲೋರಿನ್ ಹಾಕಿದ ನೀರಿನಲ್ಲಿ ಕ್ಲೋರೋಫಾರಂ ಹುಟ್ಟುತ್ತದೆಂದು ಪ್ರಕಟಿಸಿದನು. ಅದೇ ವರ್ಷ ಅಮೆರಿಕದ ವಿಜ್ಞಾನಿಗಳೂ ಇದನ್ನೇ ಕಂಡರು. ಕೊಳೆತ ಎಲೆ, ಕಡ್ಡಿ, ಮಣ್ಣುಗಳ ಸಾರ ನದಿ ಕೆರೆಗಳ ನೀರಿನಲ್ಲಿ ಕರಗಿರುತ್ತದೆ. ಕ್ಲೋರಿನ್ ಅದರೊಡನೆ ಕೂಡಿದಾಗ ಕ್ಲೋರೋಫಾರಮ್ಮೂ ಅದರ ದಾಯಾದಿಗಳೂ ಜನಿಸುತ್ತವೆ. ಕ್ಲೋರೋಫಾರಂ ಇಲಿಗಳಲ್ಲಿ ಕ್ಯಾನ್ಸರನ್ನುಂಟುಮಾಡುತ್ತದೆಂದು 1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ವರದಿ ಮಾಡಿತು. 1979ರಲ್ಲಿ ಆ ದೇಶವು, ಇಂಥ ನಾಲ್ಕು ವಸ್ತುಗಳು ಕೂಡಿ ಲೀಟರಿಗೆ 0.10 ಮಿಲಿಗ್ರಾಂ ಮೀರಕೂಡದೆಂದು ಕಟ್ಟು ಮಾಡಿತು. 1998ರಲ್ಲಿ ಅದನ್ನು 0.08ಕ್ಕೆ ಇಳಿಸಿತು.

ಮನುಷ್ಯರ ವಿಷಯವೇನು? ಇಂತಹ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರು ತುಸು ಹೆಚ್ಚೆಂದು ಹಲವು ಅಧ್ಯಯನಗಳು ಹೇಳುತ್ತವೆ. ಯಾವ ವಸ್ತುವಿನಿಂದ ಎಷ್ಟು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಈ ಭಯವನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಡವೆ? 1991ರಲ್ಲಿ ಪೆರು ದೇಶದಲ್ಲಿ ಕಾಲರಾ ಹಬ್ಬಿ, ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಕ್ಯಾನ್ಸರಿನ ಅಂಜಿಕೆಯಿಂದ ಕ್ಲೋರಿನ್ ಬಿಟ್ಟದ್ದೇ ಕಾರಣವೆಂಬ ಮಾತು ಆಗ ಹರಡಿತು. ಅದನ್ನು ಅನೇಕ ತಜ್ಞರು ಒಪ್ಪಲಿಲ್ಲ. ಕ್ಲೋರಿನ್ ಕಾಣದ ನೀರು ಕಾಲರಾವನ್ನು ಹೊತ್ತು ತಂದಿತೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಕ್ಯಾನ್ಸರು ನಲವತ್ತು ವರ್ಷಗಳಾಚೆಯ ಶಂಕೆ. ಕಾಲರಾ ನಾಳೆ ಬೆಳಗಿನ ಸಾವು.

ಹಾಗಾದರೆ ಎರಡರಲ್ಲೊಂದನ್ನು ಆರಿಸಿಕೊಳ್ಳಲೇಬೇಕೆ? ಬೇಕಾಗಿಲ್ಲ. ನೀರನ್ನು ತಿಳಿಗೊಳಿಸಿ, ಸೋಸಿ, ಕೊಳೆತದ ಸಾರವನ್ನು ಆದಷ್ಟೂ ತೆಗೆದ ಬಳಿಕ ಕ್ಲೋರಿನ್ ಹಾಕಿದರೆ, ರೋಗಾಣುವೂ ಸಾಯುತ್ತದೆ, ಕ್ಲೋರೋಫಾರಮ್ಮೂ ಕಡಿಮೆಯಾಗುತ್ತದೆ. ಉಪವಸ್ತುಗಳ ಅಂಜಿಕೆಯಿಂದ ರೋಗಾಣುನಾಶವನ್ನು ಸಡಿಲಿಸಕೂಡದೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಆಗಿದೆ.

ನಮ್ಮ ದೇಶದ ಕುಡಿಯುವ ನೀರಿನ ಪ್ರಮಾಣಪತ್ರ, 2012ರ ಐ.ಎಸ್. 10500, ಈ ಎರಡು ಭಯಗಳನ್ನೂ ದಾಖಲಿಸಿದೆ. ಕ್ಲೋರಿನ್ ಹಾಕಿದ ನೀರು ಮನೆಯ ಕೊಳಾಯಿಯನ್ನು ಮುಟ್ಟುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಕ್ಲೋರೋಫಾರಂ 0.2 ಮಿಲಿಗ್ರಾಮನ್ನು ಮೀರಕೂಡದು. ಮೊದಲನೆಯದನ್ನು ಅಳೆಯುವುದು ಸುಲಭ, ಎರಡನೆಯದಕ್ಕೆ ಒಳ್ಳೆಯ ಪ್ರಯೋಗಶಾಲೆಯೇ ಬೇಕು. ನೀರಿನ ತೆರಿಗೆ ಕಟ್ಟುವ ನಾವು ಈ ಎರಡು ಅಂಕಿಗಳನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.