ಒಂದೇ ದಿನದಲ್ಲಿ ವಿಜಯಪುರ: ಫಾರ್ವರ್ಡ್ ಸಂದೇಶಗಳಲ್ಲಿ ನಿಜವೆಷ್ಟು?

“ಗೋಳಗುಮ್ಮಟ ಜಗತ್ತಿನ ಎರಡನೇ ಅತಿ ದೊಡ್ಡ ಗುಮ್ಮಟ, ಪಿಸುಗುಟ್ಟಿದರೂ ಏಳು ಸಲ ಪ್ರತಿಧ್ವನಿ, ನಾಲ್ಕು ಗಂಟೆಯಲ್ಲಿ ಇಡೀ ವಿಜಯಪುರ.” ರಜೆ ಬಂದರೆ ಸಾಕು, ಈ ಧಾಟಿಯ ಸಂದೇಶ ನಿಮ್ಮ ಗುಂಪಿಗೂ ಬಂದಿರುತ್ತದೆ. ಇದನ್ನು ನಂಬಿ ನಡುಮಧ್ಯಾಹ್ನ ಅಲ್ಲಿಗೆ ಹೋದರೆ, ಅಷ್ಟು ಮೆಟ್ಟಿಲು ಹತ್ತಿ ಕೇಳುವುದು ಬರೀ ಗದ್ದಲ. ಒಂದು ದಿನದ ಮೊದಲ ಭೇಟಿಗೆ ಏನನ್ನು ನಂಬಬಹುದು, ಯಾವ ಹೊತ್ತಿಗೆ ಎಲ್ಲಿರಬೇಕು? ನೋಡೋಣ.

ಮೊದಲು ಗಾತ್ರ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ರೋಮ್‌ನ ಪ್ಯಾಂಥಿಯನ್ನಿನದು ಸುಮಾರು 43, ಸೇಂಟ್ ಪೀಟರ್ಸ್‌ನದು ಸುಮಾರು 42. ಈಗಿನ ಕ್ರೀಡಾಂಗಣಗಳ ಉಕ್ಕಿನ ಗುಮ್ಮಟಗಳಂತೂ ಇನ್ನೂ ದೊಡ್ಡವು. ಹಾಗಾಗಿ ‘ಎರಡನೆಯದು’ ಎಂಬ ಮಾತು ನಿಲ್ಲುವುದಿಲ್ಲ. ಆದರೆ ನಡುವೆ ಒಂದೂ ಕಂಬವಿಲ್ಲದೆ ಸುಮಾರು 1,700 ಚದರ ಮೀಟರ್ ಜಾಗದ ಮೇಲೆ ಅದು ನಿಂತಿರುವುದು ನಿಜ. ಒಂದನ್ನೊಂದು ಹಾದುಹೋಗುವ ಕಮಾನುಗಳೇ ಆ ಭಾರ ಹೊತ್ತಿವೆ. ಒಳಗೆ ಹೋದಾಗ ತಲೆಯೆತ್ತಿ ಆ ಮೂಲೆಗಳನ್ನು ನೋಡಿ.

ಇನ್ನು ಸದ್ದು. ಇಲ್ಲಿ ನಡೆಯುವುದು ಒಂದಲ್ಲ, ಎರಡು ಸಂಗತಿ. ಚಪ್ಪಾಳೆ ತಟ್ಟಿದರೆ ಸದ್ದು ಎದುರು ಗೋಡೆಗೆ ಹೋಗಿ ಬರಲು ಸುಮಾರು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದಕ್ಕೆ 0.22 ಸೆಕೆಂಡ್ ಬೇಕು. ನಮ್ಮ ಕಿವಿಗೆ 0.1 ಸೆಕೆಂಡ್ ಅಂತರ ಸಿಕ್ಕರೂ ಎರಡು ಸದ್ದು ಬೇರೆಯಾಗಿ ಕೇಳುತ್ತವೆ. ಅದಕ್ಕೇ ಪ್ರತಿಧ್ವನಿ ಮತ್ತೆ ಮತ್ತೆ ಬರುತ್ತದೆ. ಅದು ಏಳೇ ಆಗಬೇಕೆಂದಿಲ್ಲ, ಜನ ಎಷ್ಟಿದ್ದಾರೆ, ನೀವು ಎಷ್ಟು ಜೋರಾಗಿ ತಟ್ಟಿದಿರಿ ಎಂಬುದರ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ಪಿಸುಮಾತಿನ ಕಥೆ ಬೇರೆ. ಅದು ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗಿ ಆಚೆ ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಮುಟ್ಟುತ್ತದೆ. ಇಂಥ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದ್ದರು, ಅದರಲ್ಲಿ ಗೋಳಗುಮ್ಮಟವೂ ಇತ್ತು.

ಯಾರಾದರೂ ಶಿಳ್ಳೆ ಹೊಡೆದರೆ ಪಿಸುಮಾತು ಮುಳುಗಿಹೋಗುತ್ತದೆ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಿ. ಮೆಟ್ಟಿಲು ಕಿರಿದು, ಕಡಿದು. ಮೊಣಕಾಲು ನೋವು, ಹೃದಯದ ತೊಂದರೆ ಇರುವ ಹಿರಿಯರು ಕೆಳಗೇ ಕೂತರೂ ನಷ್ಟವಿಲ್ಲ, ಮುಂಭಾಗದಲ್ಲಿ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಶುಕ್ರವಾರ ರಜೆ ಎಂಬುದು ನೆನಪಿರಲಿ.

ಅಲ್ಲಿಂದ ಆಟೊ ಅಥವಾ ಟಾಂಗಾ ಹಿಡಿದು ಬಾರಾ ಕಮಾನ್‌ಗೆ ಬನ್ನಿ. ‘ಇದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತದೆಂದು ಅಪ್ಪನೇ ಮಗನ ಕೆಲಸ ನಿಲ್ಲಿಸಿದ’ ಎಂಬ ಕಥೆ ಇಲ್ಲಿ ಖಂಡಿತ ಕಿವಿಗೆ ಬೀಳುತ್ತದೆ. ಮಗ ಎರಡನೇ ಅಲಿ ಆದಿಲ್ ಶಾಹ ಪಟ್ಟಕ್ಕೆ ಬಂದಿದ್ದೇ ಅಪ್ಪ ಸತ್ತ ಮೇಲೆ! ಎರಡರ ನಡುವೆ ಕಿಲೋಮೀಟರಿಗೂ ಹೆಚ್ಚು ದೂರವಿದೆ. 60 ಮೀಟರ್ ಎತ್ತರ ಕಟ್ಟಿದ್ದರೂ ನೆರಳು ಅಷ್ಟು ದೂರ ಚಾಚುವುದು ಸೂರ್ಯ ಮುಳುಗುವ ಮುಂಚಿನ ಕೆಲವೇ ನಿಮಿಷ. ಅಲಿ 1672ರಲ್ಲಿ ತೀರಿಕೊಂಡ, ಮಗ ಸಿಕಂದರ್ ಇನ್ನೂ ಮಗು, 1686ರಲ್ಲಿ ಔರಂಗಜೇಬ ಊರನ್ನೇ ಗೆದ್ದ. ಕಟ್ಟಡ ಅರ್ಧಕ್ಕೆ ನಿಂತಿದ್ದಕ್ಕೆ ನೆರಳಿನ ಕಥೆ ಬೇಕಾಗಿಲ್ಲ.

ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಯಾವಾಗ ಹೋದರೂ ಮಧ್ಯಾಹ್ನವನ್ನು ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿಗೆ ಬಿಟ್ಟುಬಿಡಿ.

ಬಿಸಿಲಿಳಿದ ಮೇಲೆ ಪಶ್ಚಿಮಕ್ಕೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ‘ಬಿಸಿಲಲ್ಲೂ ತಣ್ಣಗಿರುತ್ತದೆ’ ಎನ್ನುತ್ತಾರೆ. ಸುಮಾರು 55 ಟನ್ ಲೋಹ ನಿಧಾನವಾಗಿ ಕಾಯುತ್ತದೆ, ಮೇಲಾಗಿ ಲೋಹ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಪವಾಡವೇನಿಲ್ಲ. ಕೊನೆಗೆ ಇಬ್ರಾಹಿಂ ರೋಜಾ. ನಮ್ಮನ್ನು ಕೇಳಿದರೆ, ಅವಸರವಿಲ್ಲದೆ ಕೂರಬೇಕಾದ ಜಾಗ ಇದೇ. ಕಲ್ಲಿನಲ್ಲಿ ಕೊರೆದ ಜಾಲರಿಗಳನ್ನು ಸಂಜೆ ಬೆಳಕಿನಲ್ಲಿ ನೋಡಿ.

ಇನ್ನೊಂದು ಅರ್ಧ ದಿನ ಇದ್ದರೆ ಅಥಣಿ ರಸ್ತೆಯಲ್ಲಿ ತಿಕೋಟಾ ಕಡೆ ಹೋಗಿ, ದಾರಿಯಲ್ಲಿ ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿ ಕೊಳ್ಳಬಹುದು. ನೀರು ನೋಡುವ ಆಸೆಯಿದ್ದರೆ ಬಬಲೇಶ್ವರ ಸೀಮೆಯ ಮಮದಾಪುರ ಕೆರೆ. ಅದೂ ಮೊಹಮ್ಮದ್ ಆದಿಲ್ ಶಾಹನ ಕಾಲದ್ದೇ.