ಗರಡಿಯ ಬಟ್ಟೆ: ಬೆವರು ಹೇಳುವ ಇತಿಹಾಸ

ಅಂಗಸಾಧನೆ ಮಾಡುವವನು ಎಂಥ ಬಟ್ಟೆ ತೊಡಬೇಕು? ಇದು ಇಂದಿನ ಪೇಟೆ ಹುಟ್ಟಿಸಿದ ಪ್ರಶ್ನೆಯೆಂದು ಅನೇಕರು ತಿಳಿದಿದ್ದಾರೆ. ನಮ್ಮ ನಾಡಿನಲ್ಲಿ ಅದಕ್ಕೆ ಹಳೆಯ ಬೇರುಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಸಾಧನೆಗೂ ಕಾಳಗಕ್ಕೂ ಒಂದು ಪ್ರಕರಣ ಮೀಸಲಾಗಿದೆ, ಬಗೆಬಗೆಯ ವಸ್ತ್ರಗಳಿಗೆ ಇನ್ನೊಂದು. ಋತುವನ್ನು ನೋಡಿ ಉಡುಗೆಯನ್ನು ಆರಿಸಬೇಕೆಂಬ ತಿಳಿವಳಿಕೆ ಅಲ್ಲಿದೆ. ಅರಸನಿಗೆ ಹೇಳಿದ ಆ ಮಾತು ಜನಸಾಮಾನ್ಯರ ಗರಡಿಗೂ ಸಲ್ಲುತ್ತದೆ.

ಅದನ್ನು ಅರಿಯಲು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ನಿಂತು ಸುತ್ತ ನೋಡಬೇಕು. ಇಂದು ಅದು ಕೃಷಿ ಸಂಶೋಧನಾ ಕೇಂದ್ರವಿರುವ ಊರು. ಸುತ್ತಿನ ಸೀಮೆ ಭದ್ರಾ ನಾಲೆಯ ಬತ್ತಕ್ಕೂ ಅಡಿಕೆಗೂ ಹೆಸರಾಗಿದೆ. ಪಶ್ಚಿಮಕ್ಕೆ ಹೊನ್ನಾಳಿ, ನ್ಯಾಮತಿಗಳ ಕಡೆ ಹೋದಂತೆ ಮಲೆನಾಡಿನ ತೇವ ಮೈಗೆ ತಾಗುತ್ತದೆ. ಈಶಾನ್ಯಕ್ಕೆ ಜಗಳೂರಿನತ್ತ ನಡೆದರೆ ಮಳೆ ಕಡಿಮೆ, ಗಾಳಿ ಒಣಕಲು. ಅದರಾಚೆಯ ಚಳ್ಳಕೆರೆ ಕುರಿಗೂ ಕಂಬಳಿಗೂ ಪ್ರಸಿದ್ಧ. ನಡುವೆ ದಾವಣಗೆರೆ, ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಪಟ್ಟಣ. ಗರಡಿಗಳಿಗೂ ಕುಸ್ತಿಗೂ ಹೆಸರಾದದ್ದು. ಹೀಗೆ ಹತ್ತಿ, ಉಣ್ಣೆ, ಗಿರಣಿ, ಗರಡಿ ನಾಲ್ಕೂ ಒಂದೇ ಸೀಮೆಯಲ್ಲಿ ಕೂಡಿದ್ದವು.

ಗರಡಿಮನೆಯಲ್ಲಿ ಉಡುಗೆ ಬಹಳ ಕಡಿಮೆ. ಮೈಗೆ ಕೆಮ್ಮಣ್ಣು, ಸೊಂಟಕ್ಕೆ ಲಂಗೋಟಿ, ಕೆಲವು ಕಡೆ ಅದರ ಮೇಲೊಂದು ಚಡ್ಡಿ. ಬೆವರು ಬರಿಮೈಯಿಂದಲೇ ಆರಬೇಕು. ಬಟ್ಟೆಯ ಕೆಲಸ ಬಿಗಿದು ಹಿಡಿಯುವುದು ಮಾತ್ರ. ಆ ಕೆಲಸಕ್ಕೆ ಹತ್ತಿಯೇ ಸರಿ. ಹತ್ತಿಯ ಎಳೆಗೆ ಒಂದು ವಿಶೇಷ ಗುಣವಿದೆ: ಒದ್ದೆಯಾದಾಗ ಅದರ ಬಲ ಕುಂದುವುದಿಲ್ಲ, ಹೆಚ್ಚುತ್ತದೆ. ಎದುರಾಳಿ ಸೊಂಟಕ್ಕೆ ಕೈಹಾಕಿ ಎಳೆದಾಗ ಬೆವರಿನಿಂದ ತೊಯ್ದ ಲಂಗೋಟಿ ಹರಿಯದೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಒಗೆದಷ್ಟೂ ಮೆತ್ತಗಾಗುವುದು, ಬಿಸಿನೀರಿಗೂ ಬಿಸಿಲಿಗೂ ಜಗ್ಗದಿರುವುದು ಅದರ ಇನ್ನೆರಡು ಗುಣಗಳು.

ಉಣ್ಣೆಯ ದಾರಿ ಬೇರೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ಗಾಳಿಯಿಂದ ಹೀರಿಟ್ಟುಕೊಂಡರೆ, ಅಷ್ಟೇ ಉಣ್ಣೆ ಅದರ ಇಮ್ಮಡಿಯಷ್ಟನ್ನು ಹೀರುತ್ತದೆ. ಆದರೂ ಮುಟ್ಟಿದರೆ ಒದ್ದೆಯೆನಿಸದು. ಜಡಿಮಳೆಯಲ್ಲಿ ಕುರುಬರು ಕಂಬಳಿಯ ಕೊಪ್ಪೆ ಹೊದ್ದು ಬೆಚ್ಚಗೆ ನಿಲ್ಲುವ ಗುಟ್ಟು ಇದೇ. ದುಡಿಯುವಾಗ ಮೈ ತಣಿಯಬೇಕು, ದುಡಿತ ನಿಂತ ಮೇಲೆ ಮೈ ನಡುಗಬಾರದು. ಒಂದಕ್ಕೆ ಹತ್ತಿ, ಇನ್ನೊಂದಕ್ಕೆ ಉಣ್ಣೆ ಎಂಬ ಹಂಚಿಕೆ ಈ ಸೀಮೆಗೆ ಪುಸ್ತಕವಿಲ್ಲದೆಯೇ ತಿಳಿದಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಸಾಧನೆಯ ಸ್ಥಳ ಬದಲಾಯಿತು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ವ್ಯಾಯಾಮಶಾಲೆ ವಿದ್ಯಾವಂತ ತರುಣರನ್ನು ಸೆಳೆಯಿತು. ಶಾಲೆಗಳಲ್ಲಿ ಕವಾಯತು, ಕಬಡ್ಡಿ, ಖೋ ಖೋ ನಡೆದವು. ಮೈಮುಚ್ಚುವ ಬಟ್ಟೆ ತೊಟ್ಟೇ ಓಡಬೇಕಾಯಿತು. ಹಾಸು ಹೊಕ್ಕು ಸೇರಿಸಿ ನೇಯ್ದ ಬಟ್ಟೆ ಹಿಗ್ಗುವುದು ಕಡಿಮೆ. ನೂಲನ್ನು ಕುಣಿಕೆ ಕುಣಿಕೆಯಾಗಿ ಹೆಣೆದ ಬನಿಯನ್ ಮೈಯೊಡನೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಬನಿಯನ್ ಆಟದ ಬಯಲಿಗೂ ಬಂತು.

ಅನಂತರದ್ದು ರಸಾಯನಶಾಲೆಯ ಎಳೆಗಳ ಕಾಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. 1958ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ರಬ್ಬರಿನಂತೆ ಹಿಗ್ಗುವ ಸ್ಪಾಂಡೆಕ್ಸನ್ನು ರೂಪಿಸಿದರು. ನಮ್ಮ ಬಳಿಯೇ, ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ, 1970ರ ದಶಕದಿಂದ ಮರದ ತಿರುಳಿನಿಂದ ವಿಸ್ಕೋಸ್ ಎಳೆ ತೆಗೆಯುವ ಉದ್ಯಮ ಬೆಳೆಯಿತು. ವಿಸ್ಕೋಸ್ ಹತ್ತಿಗಿಂತ ಹೆಚ್ಚು ತೇವ ಹೀರುತ್ತದೆ, ನುಣುಪಾಗಿದೆ. ಆದರೆ ಒದ್ದೆಯಾದಾಗ ಬಲ ಬಹಳ ಕುಗ್ಗುತ್ತದೆ. ಪಾಲಿಯೆಸ್ಟರ್ 100 ಗ್ರಾಮಿಗೆ ಅರ್ಧ ಗ್ರಾಮಿನಷ್ಟೂ ತೇವ ಹೀರದು. ಒದ್ದೆಯಾದರೂ ಅದರ ಬಲ ಇದ್ದಷ್ಟೇ ಇರುತ್ತದೆ. ದಾವಣಗೆರೆಯ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲಕ್ಕೆ ಅಂಗಡಿಗಳ ತುಂಬ ಈ ಹೊಸ ಎಳೆಯ ಉಡುಪುಗಳು ಬಂದವು.

ಇಲ್ಲಿಂದ ಮನೆಮನೆಯ ಜಗಳ ಶುರು. ಹಿರಿಯರು “ಹತ್ತಿಯಲ್ಲದೆ ಬೇರೆ ಬೇಡ” ಎನ್ನುತ್ತಾರೆ. ಮಕ್ಕಳಿಗೆ ಹೊಳೆಯುವ ಜರ್ಸಿಯೇ ಬೇಕು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಒಂದು ಗ್ರಾಂ ಬೆವರು ಆವಿಯಾಗಿ ಹೋಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಆ ಲಾಭವಿಲ್ಲ. ಆದ್ದರಿಂದ ಬಟ್ಟೆ ಎಷ್ಟು ಹೀರಿತು ಎಂಬುದಕ್ಕಿಂತ ಬೆವರು ಎಲ್ಲಿ, ಎಷ್ಟು ಬೇಗ ಆರಿತು ಎಂಬುದೇ ಮುಖ್ಯ. ಜಗಳೂರಿನ ಒಣಗಾಳಿಯಲ್ಲಿ ಸಡಿಲವಾದ ತೆಳು ಹತ್ತಿಯಂಗಿ ಬೆವರು ಹೀರಿ, ಆರಿ, ಮೈಯನ್ನು ತಣಿಸುತ್ತದೆ. ನ್ಯಾಮತಿಯ ಮಳೆಗಾಲದಲ್ಲಿ ಅದೇ ಅಂಗಿ ತೊಯ್ದು ಭಾರವಾಗಿ ಮೈಗಂಟಿ, ತೊಡೆ ಕಂಕುಳಗಳನ್ನು ಉಜ್ಜುತ್ತದೆ. ರಾತ್ರಿ ಒಗೆದರೆ ಬೆಳಗಿಗೆ ಆರಿರುವುದಿಲ್ಲ. ಒಂದೇ ಜೊತೆ ಬಟ್ಟೆಯಿರುವ ಹುಡುಗನೋ ಹುಡುಗಿಯೋ ಅದನ್ನೇ ಹಸಿಯಾಗಿ ತೊಟ್ಟು ಆಟಕ್ಕೆ ಇಳಿದರೆ ಗಜಕರ್ಣಕ್ಕೆ ದಾರಿಯಾಯಿತು. ಅಂಥಲ್ಲಿ ಸಣ್ಣ ರಂಧ್ರಗಳುಳ್ಳ ಪಾಲಿಯೆಸ್ಟರ್ ಹೆಣಿಗೆಯೇ ಮೇಲು. ಆದರೆ ಅದು ಬೆವರಿನ ವಾಸನೆಯನ್ನು ಹತ್ತಿಗಿಂತ ಹೆಚ್ಚು ಹಿಡಿದಿಡುತ್ತದೆ. ಆದುದರಿಂದ ತೊಟ್ಟ ದಿನವೇ ಒಗೆಯಬೇಕು. ಒತ್ತಾಗಿ ನೇಯ್ದು ಗಾಳಿಯಾಡದಂತಿದ್ದರೆ ಯಾವ ಎಳೆಯಾದರೂ ಕೆಟ್ಟದ್ದೇ.

ಹಾಗಾದರೆ ಕೊಳ್ಳುವವರು ಹೊಳಪನ್ನು ಬಿಟ್ಟು ಮೂರು ಸಂಗತಿ ನೋಡಲಿ: ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಗಾಳಿ ಹಾಯುವ ಎಡೆಯಿದೆಯೇ? ಎಳೆದು ಬಿಟ್ಟರೆ ಮೊದಲಿನ ಅಳತೆಗೆ ಮರಳುತ್ತದೆಯೇ? ತಮ್ಮ ಊರಿನ ಹವೆಯಲ್ಲಿ ಒಂದು ರಾತ್ರಿಗೆ ಆರುತ್ತದೆಯೇ? ಮೈಗೆ ತಾಗುವ ಒಳ ಉಡುಪನ್ನು ಮಾತ್ರ ದಿನವೂ ಒಗೆದು ಬಿಸಿಲಿಗೆ ಹಾಕುವುದು ಎಲ್ಲ ಕಾಲಕ್ಕೂ ಒಪ್ಪುವ ನಿಯಮ. ಎಳೆಗಳು ಬದಲಾಗಿವೆ, ಬೆವರು ಬದಲಾಗಿಲ್ಲ. ಋತುವನ್ನು ನೋಡಿ ಉಡು ಎಂಬ ಹಳೆಯ ಮಾತಿಗೆ ಇಂದು ಊರನ್ನೂ ನೋಡು ಎಂದು ಸೇರಿಸಿಕೊಂಡರೆ ಸಾಕು.