ಶಾಲೆ ಯಾರದು, ಲೆಕ್ಕ ಕೇಳುವವರು ಯಾರು?

ಇಂಗ್ಲೆಂಡಿನಲ್ಲಿ ಹತ್ತಾರು ಶಾಲೆಗಳನ್ನು ಒಂದೇ ಟ್ರಸ್ಟ್ ನಡೆಸುವ ಪದ್ಧತಿ ಇಂದು ಬೇರುಬಿಟ್ಟಿದೆ. ಅಂಥ ಪ್ರತಿಯೊಂದು ಶಾಲೆಗೂ ಹೆಸರಿದೆ, ಕಟ್ಟಡವಿದೆ, ಮುಖ್ಯೋಪಾಧ್ಯಾಯರಿದ್ದಾರೆ, ಸಮವಸ್ತ್ರವಿದೆ. ಆದರೆ ಕಾನೂನಿನ ಕಣ್ಣಿಗೆ ಅದೊಂದು ಪ್ರತ್ಯೇಕ ಸಂಸ್ಥೆಯೇ ಅಲ್ಲ. ಕಾನೂನು ಗುರುತಿಸುವುದು ಟ್ರಸ್ಟನ್ನು ಮಾತ್ರ. ಶಿಕ್ಷಕರು ಟ್ರಸ್ಟಿನ ನೌಕರರು. ಸರಕಾರದೊಡನೆ ಅನುದಾನದ ಒಪ್ಪಂದಕ್ಕೆ ಸಹಿ ಹಾಕುವುದೂ ಟ್ರಸ್ಟೇ. ಈ ಏರ್ಪಾಡು ಬಂದದ್ದು ಹೇಗೆ? ಇದರಲ್ಲಿ ಯಾರು ಯಾರಿಗೆ ಉತ್ತರ ಕೊಡಬೇಕು? ದೂರದ ದೇಶದ ಆಡಳಿತದ ಸಂಗತಿ ಎಂದು ಇದನ್ನು ಬದಿಗಿಡುವಂತಿಲ್ಲ. ಏಕೆಂದರೆ ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದ ಕಾರಣ ಬರ್ಮಿಂಗ್‌ಹ್ಯಾಮಿನ ಮುಸ್ಲಿಮ್ ಮಕ್ಕಳು ದೊಡ್ಡ ಬೆಲೆ ತೆತ್ತಿದ್ದಾರೆ.

1870ರ ಶಿಕ್ಷಣ ಕಾಯ್ದೆ ಇಂಗ್ಲೆಂಡಿನ ಊರೂರಿನಲ್ಲಿ ಚುನಾಯಿತ ಶಾಲಾ ಮಂಡಳಿಗಳಿಗೆ ದಾರಿ ಮಾಡಿಕೊಟ್ಟಿತು. 1902ರ ಕಾಯ್ದೆ ಅವುಗಳನ್ನು ರದ್ದುಮಾಡಿ ಶಾಲೆಗಳನ್ನು ಸ್ಥಳೀಯ ಕೌನ್ಸಿಲ್‌ಗಳ ಕೈಗೆ ಕೊಟ್ಟಿತು. ಮುಂದೆ ಎಂಟು ದಶಕಗಳಿಗೂ ಹೆಚ್ಚು ಕಾಲ ಶಾಲೆಯ ಬಗ್ಗೆ ದೂರಿದ್ದವರು ಕೌನ್ಸಿಲ್ ಕಚೇರಿಗೆ ಹೋಗುತ್ತಿದ್ದರು. 1988ರ ಶಿಕ್ಷಣ ಸುಧಾರಣಾ ಕಾಯ್ದೆ ಖರ್ಚುವೆಚ್ಚದ ಅಧಿಕಾರವನ್ನು ಆಯಾ ಶಾಲೆಯ ಆಡಳಿತ ಸಮಿತಿಗೂ ಮುಖ್ಯೋಪಾಧ್ಯಾಯರಿಗೂ ವರ್ಗಾಯಿಸಿತು. 2000ದಲ್ಲಿ ಲೇಬರ್ ಸರಕಾರ ಸೋಲುತ್ತಿದ್ದ ನಗರದ ಶಾಲೆಗಳಿಗಾಗಿ ‘ಅಕಾಡೆಮಿ’ ಯೋಜನೆಯನ್ನು ಪ್ರಕಟಿಸಿತು. ಮೊದಲ ಮೂರು ಅಕಾಡೆಮಿಗಳು 2002ರಲ್ಲಿ ತೆರೆದವು. 2010ರಲ್ಲಿ ಬಂದ ಹೊಸ ಸರಕಾರ ಅಕಾಡೆಮಿ ಕಾಯ್ದೆಯನ್ನು ತಂದು ಈ ಬಾಗಿಲನ್ನು ಎಲ್ಲ ಶಾಲೆಗಳಿಗೂ ತೆರೆಯಿತು. ಕೌನ್ಸಿಲ್‌ನ ಕೈ ಬಿಡಿಸಿಕೊಂಡ ಶಾಲೆ ನೇರವಾಗಿ ಲಂಡನ್ನಿನ ಶಿಕ್ಷಣ ಸಚಿವರಿಗೆ ಜವಾಬ್ದಾರಿಯಾಯಿತು. ಒಂಟಿ ಶಾಲೆಗಳು ಕ್ರಮೇಣ ಗುಂಪಾಗಿ ಒಂದೊಂದು ಟ್ರಸ್ಟಿನ ಕೆಳಗೆ ಬಂದವು. ಈಗ ಅಲ್ಲಿನ ಬಹುಪಾಲು ಪ್ರೌಢಶಾಲೆಗಳು ಅಕಾಡೆಮಿಗಳೇ.

ಇಂಥ ಟ್ರಸ್ಟಿನ ಆಡಳಿತಕ್ಕೆ ಮೂರು ಮೆಟ್ಟಿಲು. ಮೇಲಿನವರು ‘ಸದಸ್ಯರು’. ಇವರ ಸಂಖ್ಯೆ ಕಡಿಮೆ, ಕನಿಷ್ಠ ಮೂವರು ಸಾಕು. ಇವರು ದಿನನಿತ್ಯದ ಕೆಲಸದಲ್ಲಿ ತಲೆಹಾಕುವಂತಿಲ್ಲ, ಆದರೆ ಟ್ರಸ್ಟಿಗಳನ್ನು ನೇಮಿಸುವ ಮತ್ತು ತೆಗೆದುಹಾಕುವ ಅಧಿಕಾರ ಇವರಿಗಿದೆ. ಎರಡನೆಯವರು ಟ್ರಸ್ಟಿಗಳು. ಹಣ, ನೇಮಕಾತಿ, ಪಾಠದ ಗುಣಮಟ್ಟ, ಮಕ್ಕಳ ಸುರಕ್ಷತೆ, ಎಲ್ಲದರ ಕಾನೂನುಬದ್ಧ ಹೊಣೆ ಇವರದು. ಮುಖ್ಯ ಕಾರ್ಯನಿರ್ವಾಹಕರು ಇವರಿಗೆ ವರದಿ ಒಪ್ಪಿಸಬೇಕು. ಮೂರನೆಯದು ಒಂದೊಂದು ಶಾಲೆಗೂ ಇರಬಹುದಾದ ಸ್ಥಳೀಯ ಸಮಿತಿ. ಇದಕ್ಕೆ ಸ್ವಂತ ಅಧಿಕಾರವಿಲ್ಲ. ಟ್ರಸ್ಟಿಗಳು ಬರಹದಲ್ಲಿ ಎಷ್ಟು ವಹಿಸಿಕೊಟ್ಟಿದ್ದಾರೋ ಅಷ್ಟೇ, ಅದನ್ನೂ ಅವರು ಹಿಂದಕ್ಕೆ ಪಡೆಯಬಹುದು. ಟ್ರಸ್ಟಿಗಳ ಮಂಡಳಿಯಲ್ಲಿ ಅಥವಾ ಪ್ರತಿ ಸ್ಥಳೀಯ ಸಮಿತಿಯಲ್ಲಿ ಇಬ್ಬರು ಪೋಷಕ ಪ್ರತಿನಿಧಿಗಳಿರಬೇಕೆಂಬ ನಿಯಮವಿದೆ. ಕಾಗದದ ಮೇಲೆ ಇದು ಅಚ್ಚುಕಟ್ಟು. ಆದರೆ ಮೂರೂ ಮೆಟ್ಟಿಲುಗಳ ಮೇಲೆ ಅದೇ ನಾಲ್ಕು ಜನ ಕುಳಿತರೆ?

ಬರ್ಮಿಂಗ್‌ಹ್ಯಾಮಿನ ಆಲಮ್ ರಾಕ್ ಬಡವರ ಬಡಾವಣೆ. ಅಲ್ಲಿಯ ಪಾರ್ಕ್ ವ್ಯೂ ಶಾಲೆಯ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. 1990ರ ದಶಕದ ನಡುವಿನಲ್ಲಿ ಅಲ್ಲಿ ಪಾಸಾಗುವವರನ್ನು ಬೆರಳೆಣಿಸಬಹುದಿತ್ತು. ಅದೇ ಶಾಲೆಯಲ್ಲಿ ಓದಿದವರೊಬ್ಬರು ಆಡಳಿತ ಸಮಿತಿಗೆ ಬಂದರು. ಒಳ್ಳೆಯ ಶಿಕ್ಷಕರು ಜೊತೆಗೂಡಿದರು. 2012ರ ಹೊತ್ತಿಗೆ ನಾಲ್ವರಲ್ಲಿ ಸುಮಾರು ಮೂವರು ಮಕ್ಕಳು ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗುತ್ತಿದ್ದರು. ಸರಕಾರದ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಶಾಲೆಗೆ ತನ್ನ ಅತ್ಯುನ್ನತ ಶ್ರೇಣಿ ಕೊಟ್ಟಿತು. ಅದೇ ವರ್ಷ ಶಾಲೆ ಅಕಾಡೆಮಿಯಾಯಿತು. ಅದರ ಟ್ರಸ್ಟು ನ್ಯಾನ್ಸೆನ್ ಮತ್ತು ಗೋಲ್ಡನ್ ಹಿಲ್ಲಾಕ್ ಎಂಬ ಇನ್ನೆರಡು ಶಾಲೆಗಳನ್ನೂ ವಹಿಸಿಕೊಂಡಿತು. ಹೀಗೆ ಮಾಡಲು ಪ್ರೋತ್ಸಾಹಿಸಿದ್ದು ಸರಕಾರದ ನೀತಿಯೇ.

2014ರ ಮಾರ್ಚಿನಲ್ಲಿ ಸಹಿಯಿಲ್ಲದ ಒಂದು ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ಶಾಲೆಗಳನ್ನು ಒಳಗಿನಿಂದ ಕಬಳಿಸುವ ‘ಟ್ರೋಜನ್ ಕುದುರೆ’ ಸಂಚು ಅದರಲ್ಲಿತ್ತು. ಪತ್ರ ನಕಲಿ ಎಂದೇ ಬಹುಜನರ ಅಭಿಪ್ರಾಯ. ಆದರೂ ನಗರದ 21 ಶಾಲೆಗಳ ತಪಾಸಣೆ ನಡೆಯಿತು. ಎರಡು ವರ್ಷದ ಹಿಂದೆ ಮೇಲುಶ್ರೇಣಿ ಪಡೆದಿದ್ದ ಪಾರ್ಕ್ ವ್ಯೂ ಈಗ ಕಳಪೆ ಶಾಲೆ ಎನಿಸಿಕೊಂಡಿತು. ತನಿಖೆ ನಡೆಸಿದ್ದು ಭಯೋತ್ಪಾದನೆ ನಿಗ್ರಹದ ಮಾಜಿ ಪೊಲೀಸ್ ಅಧಿಕಾರಿ ಪೀಟರ್ ಕ್ಲಾರ್ಕ್. ಶಾಲೆಗೆ ಪೊಲೀಸ್ ದೃಷ್ಟಿ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಭಯೋತ್ಪಾದನೆಗೆ ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಅಸಹನೆಯ ಧಾರ್ಮಿಕ ವಾತಾವರಣವನ್ನು ಹೇರುವ ಸಂಘಟಿತ ಯತ್ನ ನಡೆದಿತ್ತೆಂದು ಅವರ ವರದಿ ಹೇಳಿತು. 2015ರಲ್ಲಿ ಸಂಸತ್ತಿನ ಶಿಕ್ಷಣ ಸಮಿತಿ, ಸಂಚು ನಿರಂತರವಾಗಿ ನಡೆದಿತ್ತೆಂಬುದಕ್ಕೆ ಆಧಾರವಿಲ್ಲ ಎಂದಿತು. ಹಿರಿಯ ಶಿಕ್ಷಕರ ಮೇಲಿನ ಶಿಸ್ತು ಪ್ರಕರಣ 2017ರ ಮೇ ತಿಂಗಳಲ್ಲಿ ಕುಸಿದುಬಿತ್ತು. ಕಾರಣ, ಅವರಿಗೆ ತೋರಿಸಬೇಕಾಗಿದ್ದ ದಾಖಲೆಗಳನ್ನು ಆರೋಪ ಹೊರಿಸಿದವರೇ ತೋರಿಸಿರಲಿಲ್ಲ. ಅಷ್ಟರಲ್ಲಿ ಹಳೆಯ ಟ್ರಸ್ಟಿಗಳು ಹೋಗಿದ್ದರು, ಶಾಲೆಯ ಹೆಸರೂ ಅಳಿಸಿಹೋಗಿತ್ತು.

ಅನ್ಯಾಯವಾಯಿತು ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ಆದರೆ ನಮ್ಮವರೆಂಬ ಕಾರಣಕ್ಕೆ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಶಿಕ್ಷಕರ ಖಾಸಗಿ ಸಂದೇಶ ಗುಂಪೊಂದರಲ್ಲಿ ಅಸಹನೆಯ ಮಾತುಗಳಿದ್ದವು. ಆಡಳಿತದವರು ಮುಖ್ಯೋಪಾಧ್ಯಾಯರ ಕೆಲಸದಲ್ಲಿ ಕೈಹಾಕುತ್ತಿದ್ದರು, ನೇಮಕಾತಿ ಪಾರದರ್ಶಕವಾಗಿರಲಿಲ್ಲ ಎಂಬ ದೂರುಗಳಿದ್ದವು. ಈ ದೂರುಗಳನ್ನು ಕಾಲಕಾಲಕ್ಕೆ ಕೇಳಿ, ಸುಳ್ಳಾದರೆ ಸುಳ್ಳು, ನಿಜವಾದರೆ ನಿಜ ಎಂದು ಹೇಳಬಲ್ಲ ಸ್ವತಂತ್ರ ವ್ಯಕ್ತಿಗಳು ಆ ವ್ಯವಸ್ಥೆಯೊಳಗೆ ಎಲ್ಲಿದ್ದರು? ಕೌನ್ಸಿಲ್ ದೂರ ಸರಿದಿತ್ತು, ಸಚಿವಾಲಯ ಲಂಡನ್ನಿನಲ್ಲಿತ್ತು. ಒಳಗೆ ಕೇಳುವವರಿಲ್ಲದ ಮನೆಯ ಜಗಳ ಬೀದಿಗೆ ಬರುತ್ತದೆ. ಬೀದಿಯಲ್ಲಿ ಅದಕ್ಕೆ ಬಣ್ಣ ಬಳಿಯುವವರಿಗೆ ಬರವಿಲ್ಲ.

ಇದು ಮುಸ್ಲಿಮರ ಸಂಸ್ಥೆಯ ದೋಷ ಎನ್ನುವವರು ಯಾರ್ಕ್‌ಷೈರ್ ಕಡೆ ನೋಡಲಿ. ವೇಕ್‌ಫೀಲ್ಡ್ ಸಿಟಿ ಅಕಾಡೆಮೀಸ್ ಟ್ರಸ್ಟ್ 2017ರ ಸೆಪ್ಟೆಂಬರಿನಲ್ಲಿ ತನ್ನ 21 ಶಾಲೆಗಳನ್ನೂ ನಡೆಸಲಾರೆನೆಂದು ಕೈಚೆಲ್ಲಿತು. ಶಾಲೆಗಳ ಉಳಿತಾಯದ ಹಣವನ್ನು ಕೇಂದ್ರ ಖಾತೆಗೆ ಎಳೆದುಕೊಂಡಿತ್ತೆಂಬ ದೂರು ಎದ್ದಿತು. ಅಲ್ಲಿ ಧರ್ಮದ ಮಾತೇ ಇರಲಿಲ್ಲ. ಇಷ್ಟಾದರೂ ಯಾರೂ ಅದನ್ನು ಒಂದು ಜನಾಂಗದ ಸಂಚು ಎನ್ನಲಿಲ್ಲ. ರೋಗ ಒಂದೇ, ಹೆಸರು ಮಾತ್ರ ಬೇರೆ ಬೇರೆ! ಸದಸ್ಯರು ಟ್ರಸ್ಟಿನ ನೌಕರರಾಗಿರಬಾರದು, ಅವರಲ್ಲಿ ಹೆಚ್ಚಿನವರು ಟ್ರಸ್ಟಿಗಳಲ್ಲದವರಾಗಿದ್ದರೆ ಒಳಿತು ಎಂದು ಇಂದು ಸರಕಾರದ ಕೈಪಿಡಿ ಹೇಳುತ್ತದೆ.

ಟ್ರಸ್ಟ್ ಎಂಬ ಮಾತಿಗೆ ಉರ್ದುವಿನಲ್ಲಿ ನಮಗೆ ತಟ್ಟನೆ ಹೊಳೆಯುವುದು ಅಮಾನತ್. ಇನ್ನೊಬ್ಬರದ್ದನ್ನು ಕಾಯಲೆಂದು ಇಟ್ಟುಕೊಂಡದ್ದು ಎಂದರ್ಥ. ವಕ್ಫ್ ಆಸ್ತಿಯ ಮುತವಲ್ಲಿಯೂ ಒಡೆಯನಲ್ಲ, ಕಾಯುವವನು. ಅವನ ಲೆಕ್ಕವನ್ನು ಖಾಜಿ ಕೇಳಬಹುದು ಎಂಬುದು ಹಳೆಯ ಪದ್ಧತಿ. ನಮ್ಮ ಕರ್ನಾಟಕದ ಊರುಗಳಲ್ಲೂ ಶಾಲೆ, ಕಾಲೇಜು, ಅನಾಥಾಲಯಗಳನ್ನು ಒಂದೇ ಛತ್ರಿಯ ಕೆಳಗೆ ನಡೆಸುವ ಸಂಸ್ಥೆಗಳು ಬೇಕಾದಷ್ಟಿವೆ. ಅವುಗಳನ್ನು ಕಟ್ಟಿದವರ ಬೆವರಿಗೆ ಬೆಲೆ ಕಟ್ಟಲಾಗದು. ಆದರೆ ಅಧ್ಯಕ್ಷರನ್ನು ಪ್ರಶ್ನಿಸಬೇಕಾದವರನ್ನು ಅಧ್ಯಕ್ಷರೇ ಆರಿಸುವಲ್ಲಿ ಪ್ರಾಮಾಣಿಕರಿಗೂ ರಕ್ಷಣೆ ಇಲ್ಲ. ನಾಳೆ ಆರೋಪ ಬಂದರೆ ಅವರ ಪರವಾಗಿ ಸಾಕ್ಷಿ ನುಡಿಯಲು ಹೊರಗಿನವರು ಒಬ್ಬರಾದರೂ ಬೇಕಲ್ಲವೇ? ಲೆಕ್ಕ ಕೇಳುವವನನ್ನು ಶತ್ರುವೆಂದು ಬಗೆಯುವ ಸಂಸ್ಥೆ ತನ್ನ ಸಾಕ್ಷಿಯನ್ನೇ ಹೊರಗಟ್ಟುತ್ತದೆ. ಆಲಮ್ ರಾಕಿನ ಮಕ್ಕಳು ಕಷ್ಟಪಟ್ಟು ಪಡೆದ ಅಂಕಪಟ್ಟಿಗೂ ಆ ನಂತರ ಅನುಮಾನದ ನೆರಳು ತಟ್ಟಿತು ಎಂಬುದನ್ನು ನಮ್ಮ ಆಡಳಿತ ಮಂಡಳಿಗಳು ಮರೆಯದಿರಲಿ.